ನಿಶ್ಚಯ ಮುರಿದರೆ ಕೋರ್ಟ್ ಏನು ಕೊಡುತ್ತದೆ, ಏನು ಕೊಡುವುದಿಲ್ಲ?

ನಿಶ್ಚಯ ಮುರಿದ ಮನೆಯಲ್ಲಿ ಮೊದಲ ಒಂದೆರಡು ದಿನ ಯಾರೂ ಮಾತಾಡುವುದಿಲ್ಲ. ಆಮೇಲೆ ಮಾಮನೋ ಕಾಕನೋ ಬಂದು ಹೇಳುವ ಮಾತು ಒಂದೇ: "ಅವರನ್ನು ಸುಮ್ಮನೆ ಬಿಡಬಾರದು, ಕೇಸ್ ಹಾಕಬೇಕು." ಯಾವ ಕೇಸ್? ಎಲ್ಲಿ? ಹಾಕಿದರೆ ಸಿಗುವುದೇನು? ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಸರಿಯಾದ ಉತ್ತರ ಹೇಳುವವರು ಇರುವುದಿಲ್ಲ. ಸಿಟ್ಟಿನಲ್ಲಿ ಠಾಣೆಗೆ ಹೋಗಿ, ನಿಲ್ಲದ ದೂರು ಕೊಟ್ಟು, ವರ್ಷಗಟ್ಟಲೆ ಅಲೆದು, ಕೊನೆಗೆ ಕೇಸ್ ರದ್ದಾದಾಗ ಹೆಣ್ಣುಮಗಳಿಗೆ ಎರಡನೇ ಸಲ ನೋವು. ಅಷ್ಟರಲ್ಲಿ ಬರಬೇಕಿದ್ದ ಒಳ್ಳೆಯ ಸಂಬಂಧವೂ ತಪ್ಪಿರುತ್ತದೆ.

ಇನ್ನು ಕೆಲವು ಮನೆಗಳಲ್ಲಿ ಇದಕ್ಕೆ ಉಲ್ಟಾ. "ಮರ್ಯಾದೆ ಪ್ರಶ್ನೆ, ಯಾರಿಗೂ ಹೇಳಬೇಡಿ" ಅಂತ ಎಲ್ಲವನ್ನೂ ನುಂಗಿಕೊಳ್ಳುತ್ತಾರೆ. ಕೊಟ್ಟ ಚಿನ್ನ ಹೋಯಿತು, ಹಾಲಿನ ಮುಂಗಡ ಹೋಯಿತು, ಮಗಳ ಫೋಟೋ ಇನ್ನೂ ಅವನ ಮೊಬೈಲಿನಲ್ಲೇ ಇದೆ. ಆದರೂ ಬಾಯಿ ಬಿಡುವುದಿಲ್ಲ.

ಎರಡೂ ಕಡೆಯವರು ತಿಳಿದಿರಬೇಕಾದ ವಿಷಯ ಒಂದಿದೆ. ಮನಸ್ಸು ಮುರಿದದ್ದಕ್ಕೆ ಇಷ್ಟು ರೂಪಾಯಿ ಅಂತ ಕೊಡಿಸುವ ಕಾನೂನು ನಮ್ಮಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಆ ಸಂಬಂಧದ ಹೆಸರಿನಲ್ಲಿ ನಡೆದ ಬೇರೆ ತಪ್ಪುಗಳಿಗೆ ಗಟ್ಟಿ ಕಾನೂನು ಇದೆ. ಚಿನ್ನ ಹಿಂದೆ ಕೊಡದಿರುವುದು, ವರದಕ್ಷಿಣೆ ಕೇಳಿದ್ದು, ಫೋಟೋ ಹಂಚಿದ್ದು, ಬೆದರಿಸಿದ್ದು, ಮೊದಲಿಂದಲೇ ಮೋಸದ ಉದ್ದೇಶ ಇಟ್ಟುಕೊಂಡದ್ದು, ಇವೆಲ್ಲ ಅದರಲ್ಲಿ ಬರುತ್ತವೆ. ನಮ್ಮ ಮನೆಯಲ್ಲಿ ನಡೆದದ್ದು ಇದರಲ್ಲಿ ಯಾವುದು ಅಂತ ಮೊದಲು ಗುರುತಿಸಬೇಕು. ಹೋಗಬೇಕಾದ ದಾರಿ ಅದರ ಮೇಲೆ ನಿಂತಿದೆ.

ಮಾತು ತಪ್ಪಿದ್ದು ಅಪರಾಧವೇ?

"ಮದುವೆ ಆಗ್ತೇನೆ ಅಂದು ಆಗಲಿಲ್ಲ, ಇದು ಮೋಸ ಅಲ್ವಾ?" ಎಂಬುದು ಎಲ್ಲರ ಮೊದಲ ಪ್ರಶ್ನೆ. ಸಾಮಾನ್ಯ ಅರ್ಥದಲ್ಲಿ ಮೋಸವೇ. ಕಾನೂನಿನ ಅರ್ಥದಲ್ಲಿ ಮೋಸ ಆಗಬೇಕಾದರೆ, ಮಾತು ಕೊಡುವ ದಿನವೇ ಅದನ್ನು ನಡೆಸುವ ಮನಸ್ಸು ಅವನಿಗೆ ಇರಲಿಲ್ಲ ಎಂದು ತೋರಿಸಬೇಕು. ಆಗ ಮನಸ್ಸಿತ್ತು, ಆಮೇಲೆ ಬದಲಾಯಿತು ಎಂದಾದರೆ ಅದು ಕ್ರಿಮಿನಲ್ ಅಪರಾಧವಲ್ಲ.

ಬೆಂಗಳೂರಿನ ಒಂದು ಪ್ರಕರಣ ಇದಕ್ಕೆ ಸರಿಯಾದ ಉದಾಹರಣೆ. ಎರಡೂ ಮನೆಯವರು ಮಾತಾಡಿ ಮದುವೆ ಗೊತ್ತು ಮಾಡಿದ್ದರು. ಹುಡುಗಿಯ ತಂದೆ ಹಾಲಿಗೆ 75 ಸಾವಿರ ರೂಪಾಯಿ ಮುಂಗಡ ಕೊಟ್ಟಿದ್ದರು. ಆಮೇಲೆ ನೋಡಿದರೆ ಹುಡುಗ ಬೇರೆಯವರನ್ನು ಮದುವೆಯಾಗಿದ್ದ. ವಂಚನೆಯ ಕೇಸ್ ದಾಖಲಾಯಿತು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಕೇಸನ್ನು ರದ್ದುಪಡಿಸಿತು. ಮದುವೆ ಪ್ರಸ್ತಾಪ ಆರಂಭವಾಗಿ ಕೊನೆ ಮುಟ್ಟದಿರಲು ಹಲವು ಕಾರಣ ಇರಬಹುದು, ಆರಂಭದಿಂದಲೇ ವಂಚಿಸುವ ಉದ್ದೇಶ ಇತ್ತೆಂಬುದಕ್ಕೆ ಆಧಾರ ಇಲ್ಲ ಎಂಬುದು ಕೋರ್ಟಿನ ನಿಲುವು. ಹುಡುಗ ಮಾಡಿದ್ದು ಸರಿ ಎಂದು ಕೋರ್ಟ್ ಹೇಳಿತೆಂದು ಇದರ ಅರ್ಥವಲ್ಲ. ಆ ತಪ್ಪಿಗೆ ಪೊಲೀಸ್ ಕೇಸ್ ದಾರಿಯಲ್ಲ ಎಂದಷ್ಟೇ.

ಸಿವಿಲ್ ಕೋರ್ಟಿನಲ್ಲಿ ನಷ್ಟ ಕೇಳಬಹುದೇ?

ಮದುವೆಯ ಮಾತು ಮುರಿದದ್ದಕ್ಕೆ ನಷ್ಟ ಪರಿಹಾರ ಕೇಳುವ ದಾವೆ ಮೂಲದಲ್ಲಿ ಇಂಗ್ಲೆಂಡಿನದು. ಅಲ್ಲಿ ಹುಡುಗಿಯರು ಇಂಥ ದಾವೆ ಹೂಡಿ, ಮನಸ್ಸಿಗಾದ ನೋವು, ಹೋದ ಮಾನ ಎಲ್ಲದಕ್ಕೂ ಸೇರಿಸಿ ಹಣ ಪಡೆಯುತ್ತಿದ್ದರು. ಕೊನೆಗೆ ಅಲ್ಲಿನ ಸಂಸತ್ತೇ 1970ರ ಕಾಯ್ದೆಯಿಂದ ಅದನ್ನು ನಿಲ್ಲಿಸಿತು. ಅಮೆರಿಕದಲ್ಲೂ ಹಲವು ರಾಜ್ಯಗಳು 1935ರಿಂದ ಈಚೆಗೆ ಇಂಥ ದಾವೆಗಳನ್ನು ರದ್ದು ಮಾಡಿವೆ.

ನಮ್ಮ ದೇಶದಲ್ಲಿ ಹಾಗೆ ರದ್ದು ಮಾಡುವ ಕಾಯ್ದೆ ಬಂದಿಲ್ಲ. 1872ರ ಕರಾರು ಕಾಯ್ದೆಯ 73ನೇ ಕಲಂ ಪ್ರಕಾರ, ಮಾತು ಮುರಿದದ್ದರಿಂದ ನೇರವಾಗಿ ಆದ ನಷ್ಟ ಕೇಳಬಹುದು. ದೂರದ, ಪರೋಕ್ಷ ನಷ್ಟಕ್ಕೆ ಪರಿಹಾರ ಇಲ್ಲ ಎಂದು ಅದೇ ಕಲಂ ಹೇಳುತ್ತದೆ.

ಮುಸ್ಲಿಮರ ವಿಷಯದಲ್ಲಿ ಒಂದು ಹಳೆಯ ತೀರ್ಪು ಇದೆ. ಬಾಂಬೆ ಹೈಕೋರ್ಟ್ 1916ರಲ್ಲಿ ಕೊಟ್ಟದ್ದು. ಮುಸ್ಲಿಮರ ನಡುವೆ ಮದುವೆಯ ಮಾತು ಮುರಿದರೆ ಇಂಗ್ಲಿಷ್ ಕಾನೂನಿನ ಮಾದರಿಯ ವಿಶೇಷ ಪರಿಹಾರ, ಅಂದರೆ ಮನಸ್ಸಿನ ನೋವಿಗೆ ಹಣ, ಕೇಳಲು ಬರುವುದಿಲ್ಲ. ಕೊಟ್ಟ ಹಣ, ಆಭರಣ, ಬಟ್ಟೆ ಮುಂತಾದವನ್ನು ವಾಪಸ್ ಕೇಳಬಹುದು. ಮುಸ್ಲಿಂ ಕಾನೂನಿನ ಬಗ್ಗೆ ವಕೀಲರು ಓದುವ ಮುಲ್ಲಾ ಅವರ ಗ್ರಂಥದಲ್ಲಿ ಇದೇ ನಿಯಮ ಇದೆ.

ನಮ್ಮ ಉಸ್ತಾದರು ಹೇಳುವುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಖಿತ್ಬಾ ಎಂದರೆ ಮದುವೆಯ ವಾಗ್ದಾನ, ನಿಕಾಹ್ ಅಲ್ಲ. ನಿಶ್ಚಯವಾದ ಮಾತ್ರಕ್ಕೆ ಗಂಡ-ಹೆಂಡತಿಯ ಹಕ್ಕುಗಳು ಹುಟ್ಟುವುದಿಲ್ಲ. ಮಹ್ರ್ ನಿಕಾಹ್‌ಗೆ ಸೇರಿದ್ದು, ಮುಂಗಡವಾಗಿ ಕೊಟ್ಟಿದ್ದರೆ ಹಿಂದಿರುಗಿಸಬೇಕು. ಕಾರಣವಿಲ್ಲದೆ ಮಾತು ಮುರಿಯುವುದು ಅಲ್ಲಾಹನ ಮುಂದೆ ಉತ್ತರ ಹೇಳಬೇಕಾದ ವಿಷಯ. ಹಾಗಂತ ಬೇಡ ಎನ್ನುವವರನ್ನು ಎಳೆದು ತಂದು ನಿಕಾಹ್ ಮಾಡಿಸಲೂ ಆಗದು. ಮನಸ್ಸಿಲ್ಲದ ಮನೆಗೆ ಮಗಳನ್ನು ಕಳಿಸುವುದಕ್ಕಿಂತ ನಿಶ್ಚಯದಲ್ಲೇ ನಿಂತದ್ದು ಒಳ್ಳೆಯದಾಯಿತು ಅಂತ ವರ್ಷ ಕಳೆದ ಮೇಲೆ ಹೇಳುವ ಉಮ್ಮಂದಿರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಚಿನ್ನ, ಹಾಲ್, ಖರ್ಚಿನ ಲೆಕ್ಕ

ಕೋರ್ಟಿಗೆ ಸುಲಭವಾಗಿ ಅರ್ಥವಾಗುವುದು ಲೆಕ್ಕ. ನಿಶ್ಚಯದ ದಿನ ಹಾಕಿದ ಬಳೆ ಎಷ್ಟು ಪವನ್, ಉಂಗುರ, ವಾಚ್, ಮೊಬೈಲ್, ನಗದು, ಹಾಲಿನ ಮುಂಗಡ, ಊಟದ ಆರ್ಡರ್, ಛಾಪಿಸಿದ ಕಾಗದ, ಇವೆಲ್ಲ ಬರೆದಿಡಬೇಕಾದ ವಿಷಯಗಳು. ಸಂತೋಷದ ಹೊತ್ತಿನಲ್ಲಿ ಲೆಕ್ಕ ಬರೆಯುವುದು ಸಣ್ಣತನ ಅಂತ ಅನಿಸಬಹುದು. ಆದರೆ ಚಿನ್ನದ ಅಂಗಡಿಯ ಬಿಲ್, ಹಾಲಿನ ರಶೀದಿ, ಬ್ಯಾಂಕಿನಿಂದ ಹೋದ ಹಣದ ದಾಖಲೆ, ಅವತ್ತಿನ ಫೋಟೋ ಇಷ್ಟಿದ್ದರೆ ಮುಂದೆ ಜಗಳ ಅರ್ಧಕ್ಕರ್ಧ ಕಡಿಮೆ.

ವಾಪಸ್ ಕೇಳುವ ಕ್ರಮ ಹೀಗೆ. ಮೊದಲು ಎರಡೂ ಮನೆಯ ಹಿರಿಯರು ಕೂತು ಮಾತಾಡುವುದು. ಆಗದಿದ್ದರೆ ವಕೀಲರ ಮೂಲಕ ನೋಟಿಸ್. ಅದಕ್ಕೂ ಬಗ್ಗದಿದ್ದರೆ ಸಿವಿಲ್ ದಾವೆ. ಹುಡುಗ ಗಲ್ಫಿನಲ್ಲಿದ್ದಾನೆ, ಏನು ಮಾಡುವುದು ಅಂತ ಕೈಚೆಲ್ಲಬೇಕಿಲ್ಲ. ನಿಶ್ಚಯ ನಡೆದದ್ದು, ಚಿನ್ನ ಕೊಟ್ಟದ್ದು ಬಂಟ್ವಾಳದಲ್ಲಾದರೆ ಬಂಟ್ವಾಳದ ಕೋರ್ಟಿನಲ್ಲೇ ದಾವೆ ಹೂಡಬಹುದು. ಆದರೆ ಸಮಯ ಮೀರಬಾರದು. ಇಂಥ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. ಮಾನಹಾನಿಯ ಪರಿಹಾರ ಕೇಳುವುದಾದರೆ ಒಂದೇ ವರ್ಷ.

ಇದು ಹುಡುಗನ ಕಡೆಗೂ ಅನ್ವಯಿಸುತ್ತದೆ. ನಿಶ್ಚಯ ಮುರಿದದ್ದು ಹುಡುಗಿಯ ಮನೆಯವರಾದರೆ ಹುಡುಗನ ಉಮ್ಮ ಹಾಕಿದ ಬಳೆಯನ್ನು ಹಿಂದೆ ಕೊಡಬೇಕಾದದ್ದು ಅವರ ಹೊಣೆ.

ವರದಕ್ಷಿಣೆಯಿಂದ ಮುರಿದಿದ್ದರೆ

"ಇನ್ನು ಹತ್ತು ಪವನ್ ಸೇರಿಸಿ, ಇಲ್ಲದಿದ್ದರೆ ನಮಗೆ ಬೇರೆ ಕಡೆ ನೋಡಬೇಕಾಗುತ್ತೆ." ನಿಶ್ಚಯ ಮುರಿದದ್ದು ಇಂಥ ಮಾತಿನಿಂದಾದರೆ ಕಥೆ ಬೇರೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೇಳುವುದೇ ಅಪರಾಧ, ಕೊಡುವವರೆಗೆ ಕಾಯಬೇಕಾಗಿಲ್ಲ. ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಮದುವೆಯೇ ನಡೆಯಲಿಲ್ಲವಲ್ಲ, ವರದಕ್ಷಿಣೆ ಎಲ್ಲಿಂದ ಬಂತು ಎಂಬ ವಾದವನ್ನು ಸುಪ್ರೀಂ ಕೋರ್ಟ್ 1996ರಲ್ಲೇ ತಳ್ಳಿಹಾಕಿದೆ. ಮದುವೆಗೆ ಮುಂಚೆ ಕೇಳಿದರೂ, ಆ ಕಾರಣಕ್ಕೆ ಮದುವೆ ನಿಂತುಹೋದರೂ ಅದು ಅಪರಾಧವೇ.

ಮಹ್ರ್ ವರದಕ್ಷಿಣೆಯಲ್ಲಿ ಬರುವುದಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದೆ. ಹುಡುಗ ಹುಡುಗಿಗೆ ಕೊಡುವುದು ಮಹ್ರ್, ಹುಡುಗಿಯ ಮನೆಯಿಂದ ಕೇಳಿ ಪಡೆಯುವುದು ವರದಕ್ಷಿಣೆ. ಇದನ್ನು ನಾವು ಎಷ್ಟೋ ಸಲ ಬೆರೆಸಿಬಿಟ್ಟಿದ್ದೇವೆ.

ನಿಕಾಹ್ ಆಗಿದ್ದರೆ ಲೆಕ್ಕವೇ ಬೇರೆ

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹುಡುಗ ರಜೆಯಲ್ಲಿ ಬಂದಾಗ ನಿಕಾಹ್ ಮುಗಿಸಿ, ಔತಣ ಮತ್ತು ಹುಡುಗಿಯನ್ನು ಕಳಿಸಿಕೊಡುವುದನ್ನು ಮುಂದಿನ ರಜೆಗೆ ಇಡುತ್ತಾರೆ. ಆ ನಡುವೆ ಸಂಬಂಧ ಕೆಟ್ಟರೆ "ನಿಶ್ಚಯ ಮುರಿಯಿತು" ಅಂತಲೇ ಮಾತಾಡುತ್ತಾರೆ. ಇದು ತಪ್ಪು ಲೆಕ್ಕ. ನಿಕಾಹ್ ಆದ ಕ್ಷಣದಿಂದ ಆಕೆ ಹೆಂಡತಿ. ಕೂಡಿ ಬಾಳುವ ಮೊದಲೇ ತಲಾಖ್ ಆದರೂ ನಿಗದಿಯಾದ ಮಹ್ರ್‌ನ ಅರ್ಧ ಆಕೆಯ ಹಕ್ಕು. ಫೋನಿನಲ್ಲಿ ಮೂರು ಸಲ ಹೇಳಿ ಕೈ ತೊಳೆದುಕೊಳ್ಳುವುದು 2019ರ ಕಾಯ್ದೆ ಪ್ರಕಾರ ಮೂರು ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ.

ಮನಸ್ಸಿನ ನೋವು ಎಂಬ ಮಾತನ್ನು ನೇರವಾಗಿ ಬರೆದಿರುವ ಒಂದು ಕಾನೂನು ಕೂಡ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. ಅದರ 22ನೇ ಕಲಂ ಪ್ರಕಾರ ಮಾನಸಿಕ ಹಿಂಸೆಗೆ, ಭಾವನಾತ್ಮಕ ಯಾತನೆಗೆ ಮ್ಯಾಜಿಸ್ಟ್ರೇಟರು ಹಣದ ಪರಿಹಾರ ಆದೇಶಿಸಬಹುದು. ಗಂಡನ ಮನೆಯಲ್ಲಿ ಒಂದು ದಿನವೂ ಇರದಿದ್ದರೂ ಮದುವೆಯಾದ ಹೆಣ್ಣು ಈ ಕಾಯ್ದೆಯಡಿ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಬರೀ ನಿಶ್ಚಯವಾದವರಿಗೆ, ಪ್ರೀತಿಯಲ್ಲಿ ಇದ್ದವರಿಗೆ ಈ ಬಾಗಿಲು ತೆರೆಯುವುದಿಲ್ಲ. ಹಾಗಾಗಿ ನಿಕಾಹ್‌ನ ರಿಜಿಸ್ಟರ್, ಮಹ್ರ್‌ನ ವಿವರ, ಸಾಕ್ಷಿಗಳ ಹೆಸರು ಇರುವ ಪ್ರತಿಯನ್ನು ಹುಡುಗಿಯ ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಪ್ರೀತಿಯ ಹೆಸರಿನಲ್ಲಿ ಮೋಸ ಹೋದವರಿಗೆ

ಮನೆಯಲ್ಲಿ ಗೊತ್ತಿಲ್ಲದ ಸಂಬಂಧಗಳೂ ಇರುತ್ತವೆ. ಇದನ್ನು ಬರೆಯುವುದೇ ಬೇಡ ಅಂತ ಕೆಲವರಿಗೆ ಅನಿಸಬಹುದು. ಆದರೆ ಸಹಾಯ ಬೇಕಾದವರು ಹೆಚ್ಚು ಇರುವುದು ಅಲ್ಲೇ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 69ನೇ ಕಲಂ ಹೊಸದು. ಮದುವೆಯಾಗುವ ಉದ್ದೇಶವೇ ಇಲ್ಲದೆ, ಆಗುತ್ತೇನೆಂದು ನಂಬಿಸಿ ದೈಹಿಕ ಸಂಬಂಧ ಬೆಳೆಸಿದರೆ ಹತ್ತು ವರ್ಷದವರೆಗೆ ಜೈಲು. ಇಲ್ಲೂ ಪ್ರಶ್ನೆ ಅದೇ: ಮಾತು ಕೊಡುವಾಗ ಉದ್ದೇಶ ಏನಿತ್ತು? ಮೊದಲೇ ಮದುವೆಯಾಗಿದ್ದನ್ನು ಮುಚ್ಚಿಟ್ಟವನು ಒಂದು ರೀತಿ. ನಿಜವಾಗಿ ಪ್ರೀತಿಸಿ, ಆಮೇಲೆ ಮನೆಯವರು ಒಪ್ಪದೆ ಹಿಂದೆ ಸರಿದವನು ಇನ್ನೊಂದು ರೀತಿ. ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲೇ ಈ ವ್ಯತ್ಯಾಸ ಗುರುತಿಸಿತ್ತು. 2019ರ ತೀರ್ಪು ಅದನ್ನು ಇನ್ನಷ್ಟು ಬಿಡಿಸಿ ಹೇಳಿತು: ಸುಳ್ಳು ವಾಗ್ದಾನ ಬೇರೆ, ವಾಗ್ದಾನ ಮುರಿಯುವುದು ಬೇರೆ.

ಆದ್ದರಿಂದ ಸೇಡಿಗಾಗಿ ದೊಡ್ಡ ಕಲಂ ಹಾಕಿಸಬೇಡಿ. ನಡೆಯದ್ದನ್ನು ನಡೆಯಿತು ಅಂತ ಬರೆಸಿದರೆ ವಿಚಾರಣೆಯಲ್ಲಿ ಮುರಿದುಬೀಳುತ್ತದೆ, ಪಾಟೀಸವಾಲು ಎದುರಿಸಬೇಕಾದವಳು ಆ ಹುಡುಗಿಯೇ. ನಡೆದದ್ದನ್ನು ಮುಚ್ಚಿಡಲೂ ಬೇಡಿ. ಹುಡುಗಿಗೆ 18 ತುಂಬಿಲ್ಲದಿದ್ದರೆ ಒಪ್ಪಿಗೆಯ ಪ್ರಶ್ನೆಯೇ ಇಲ್ಲ, ಅಲ್ಲಿ ಪೊಕ್ಸೊ ಕಾಯ್ದೆ ಬರುತ್ತದೆ. ಅದನ್ನು ಪಂಚಾಯಿತಿಯಲ್ಲಿ ಮುಗಿಸಲು ಯಾರಿಗೂ ಅಧಿಕಾರವಿಲ್ಲ.

ಫೋಟೋ, ಚಾಟ್, ಬೆದರಿಕೆ

ಈಗಿನ ಕಾಲದಲ್ಲಿ ದೊಡ್ಡ ಹೆದರಿಕೆ ಇದೇ. "ಬೇರೆ ಮದುವೆಗೆ ಒಪ್ಪಿದರೆ ಫೋಟೋ ಹುಡುಗನ ಮನೆಗೆ ಕಳಿಸ್ತೇನೆ" ಎಂಬ ಒಂದು ಮೆಸೇಜಿಗೆ ಎಷ್ಟೋ ಹುಡುಗಿಯರು ನಿದ್ದೆ ಕಳೆದುಕೊಂಡಿದ್ದಾರೆ. ಇಲ್ಲಿ ಕಾನೂನು ಪೂರ್ತಿ ಹುಡುಗಿಯ ಕಡೆಗಿದೆ. ಖಾಸಗಿ ಕ್ಷಣದ ಚಿತ್ರ ತೆಗೆಯಲು ಅವಳೇ ಒಪ್ಪಿದ್ದರೂ, ಹಂಚಲು ಒಪ್ಪದಿದ್ದರೆ ಹಂಚಿದವನು ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧಿ. ಬೇಡವೆಂದರೂ ಹಿಂಬಾಲಿಸುವುದು, ಮೆಸೇಜ್ ಮಾಡಿ ಕಾಡುವುದು 78ನೇ ಕಲಂ. ಬೆದರಿಸುವುದು 351. ಬೆದರಿಸಿ ಹಣ ಅಥವಾ ಚಿನ್ನ ಕೇಳುವುದು 308. ಅಶ್ಲೀಲವಾದದ್ದನ್ನು ಆನ್‌ಲೈನಿನಲ್ಲಿ ಹಾಕಿದರೆ ಐಟಿ ಕಾಯ್ದೆಯೂ ಸೇರುತ್ತದೆ.

ಮಾಡಬೇಕಾದ ಕೆಲಸ: ಮೆಸೇಜ್ ಅಳಿಸಬೇಡಿ. ಸಿಟ್ಟಿನಲ್ಲಿ ಸಿಮ್ ಮುರಿದು ಎಸೆಯಬೇಡಿ. ನಂಬರ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಆದರೆ ಮೂಲ ಮೆಸೇಜ್ ಮೊಬೈಲಿನಲ್ಲೇ ಇರಲಿ, ಕೋರ್ಟಿಗೆ ಅದು ಬೇಕಾಗುತ್ತದೆ. ಹಣ ಕೊಟ್ಟು ಬಾಯಿ ಮುಚ್ಚಿಸಲು ಹೋಗಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮಹಿಳೆಯರು ಹೆಸರು ಹೇಳದೆಯೂ ಇಂಥ ದೂರು ಕೊಡಬಹುದು. ನಗರದಲ್ಲಿ ಸೆನ್ ಪೊಲೀಸ್ ಠಾಣೆ ಇದೆ. ಹತ್ತಿರದ ಯಾವ ಠಾಣೆಗೆ ಹೋದರೂ, ನಮ್ಮ ವ್ಯಾಪ್ತಿ ಅಲ್ಲ ಅಂತ ಕಳಿಸುವಂತಿಲ್ಲ, ಝೀರೋ ಎಫ್‌ಐಆರ್ ದಾಖಲಿಸಬೇಕು.

ಮನೆಯವರಿಗೆ ಒಂದು ಮಾತು. ಹುಡುಗಿ ಬಂದು ಇದನ್ನು ಹೇಳಿದಾಗ "ನೀನು ಯಾಕೆ ಫೋಟೋ ಕಳಿಸಿದ್ದು?" ಎಂಬುದು ಮೊದಲ ಪ್ರಶ್ನೆಯಾದರೆ ಎರಡನೇ ಸಲ ಅವಳು ಬಾಯಿ ಬಿಡುವುದಿಲ್ಲ. ಬೆದರಿಸುವವನಿಗೆ ಬೇಕಾಗಿರುವುದೂ ಅದೇ.

ಜಮಾಅತ್ ಏನು ಮಾಡಬಹುದು?

ನಿಶ್ಚಯ ಮುರಿದಾಗ ನಮ್ಮವರು ಕೋರ್ಟಿಗಿಂತ ಮೊದಲು ಹೋಗುವುದು ಮಸೀದಿ ಕಮಿಟಿಗೆ. ಅದು ಒಳ್ಳೆಯ ದಾರಿಯೇ. ಎರಡು ವಿಷಯ ಮಾತ್ರ ನೆನಪಿರಲಿ. ಒಂದು, ಧಾರ್ಮಿಕ ಪಂಚಾಯಿತಿಯ ತೀರ್ಮಾನಕ್ಕೆ ಕೋರ್ಟ್ ಆದೇಶದ ಬಲ ಇಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟಪಡಿಸಿದೆ. ಎರಡೂ ಕಡೆಯವರು ಒಪ್ಪಿ ನಡೆದುಕೊಂಡರೆ ತೊಂದರೆ ಇಲ್ಲ, ಒಪ್ಪದವರ ಮೇಲೆ ಹೇರುವಂತಿಲ್ಲ. ಎರಡು, ಬಾಯಿ ಮಾತಿನ ತೀರ್ಮಾನ ಆರು ತಿಂಗಳಲ್ಲಿ ಮರೆತುಹೋಗುತ್ತದೆ.

ಹಾಗಾಗಿ ತೀರ್ಮಾನವನ್ನು ಬರೆದು ಎರಡೂ ಕಡೆಯವರ ಸಹಿ ಹಾಕಿಸಿ. ಅದಕ್ಕೆ ಕಾನೂನಿನ ಬಲ ಬೇಕಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಲೋಕ ಅದಾಲತ್‌ಗೆ ಒಯ್ಯಬಹುದು. ಕೇಸ್ ಹಾಕುವ ಮೊದಲೇ, ವ್ಯಾಜ್ಯಪೂರ್ವ ಪ್ರಕರಣ ಅಂತ ಅಲ್ಲಿ ತೆಗೆದುಕೊಳ್ಳುತ್ತಾರೆ. ಅಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಪ್ರಾಧಿಕಾರದಿಂದ ವಕೀಲರು ಉಚಿತ. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ.

ಆ ಕಾಗದದಲ್ಲಿ ಹಣ, ಚಿನ್ನದ ಜೊತೆ ಇನ್ನೊಂದು ಸಾಲು ಬರೆಸಬಹುದು: ನಿಶ್ಚಯ ನಿಂತದ್ದು ಹುಡುಗಿಯ ಯಾವ ದೋಷದಿಂದಲೂ ಅಲ್ಲ, ಎರಡೂ ಮನೆಯವರು ಪರಸ್ಪರರ ಬಗ್ಗೆ ಕೆಟ್ಟ ಮಾತಾಡುವುದಿಲ್ಲ, ಫೋಟೋ-ಚಾಟ್ ಅಳಿಸಲಾಗಿದೆ. ನಾಳೆ ಬೇರೆ ಸಂಬಂಧ ಬಂದು ವಿಚಾರಿಸಿದಾಗ ಜಮಾಅತಿನ ಅಧ್ಯಕ್ಷರು ಈ ಮಾತನ್ನು ಧೈರ್ಯವಾಗಿ ಹೇಳಿದರೆ, ಯಾವ ಪರಿಹಾರದ ಮೊತ್ತಕ್ಕಿಂತಲೂ ಅದು ಆ ಹುಡುಗಿಗೆ ದೊಡ್ಡದು. ಇದನ್ನು ಕೊಡಲು ಕೋರ್ಟಿಗೆ ಆಗುವುದಿಲ್ಲ, ನಮ್ಮ ಹಿರಿಯರಿಗೆ ಆಗುತ್ತದೆ.

ಕೊನೆಗೆ, ಮನಸ್ಸಿನ ಮಾತು

ಬೆಳಗಾವಿ ಕಡೆಯ ಒಂದು ಹಳೆಯ ಪ್ರಕರಣದಲ್ಲಿ, ಪ್ರೀತಿಸಿದವನು ಮದುವೆಗೆ ಒಪ್ಪಲಿಲ್ಲವೆಂದು 21 ವರ್ಷದ ಹುಡುಗಿ ಜೀವ ಕಳೆದುಕೊಂಡಿದ್ದಳು. ಸಂಬಂಧ ಮುರಿಯುವುದು ನೋವಿನ ವಿಷಯ ಹೌದು, ಆದರೆ ಅಷ್ಟರಿಂದಲೇ ಆತ್ಮಹತ್ಯೆಗೆ ಪ್ರಚೋದನೆಯ ಅಪರಾಧ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟು ಯುವಕನನ್ನು ಬಿಡುಗಡೆ ಮಾಡಿತು. ಘಟನೆ ನಡೆದು ಅಷ್ಟರಲ್ಲಿ 17 ವರ್ಷ ಕಳೆದಿತ್ತು. ಮಗಳನ್ನು ಕಳೆದುಕೊಂಡ ಮನೆಗೆ ಆ 17 ವರ್ಷ ಏನು ಕೊಟ್ಟಿತು ಎಂದು ಯೋಚಿಸಿ. ಕೇಸಿಗಿಂತ ಮೊದಲು ನೋಡಬೇಕಾದದ್ದು ಮಗುವನ್ನು. ಊಟ ಬಿಟ್ಟಿದ್ದಾಳೆಯೇ, ರಾತ್ರಿ ನಿದ್ದೆ ಇದೆಯೇ, ಯಾರ ಜೊತೆಗೂ ಮಾತಿಲ್ಲವೇ? ಇದು ಗಂಡುಮಕ್ಕಳಿಗೂ ಅನ್ವಯ. ಗಲ್ಫಿನ ರೂಮಿನಲ್ಲಿ ಒಬ್ಬನೇ ಕೂತ ಹುಡುಗನಿಗೂ ಮನಸ್ಸಿದೆ. "ಮರೆತುಬಿಡು, ಬೇರೆ ನೋಡುವಾ" ಅನ್ನುವ ಮೊದಲು ನಾಲ್ಕು ದಿನ ಅವರು ಹೇಳುವುದನ್ನು ಕೇಳಿ. ಬೇಕಾದರೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ಅದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ.

ನಂಬರ್ ಬರೆದಿಟ್ಟುಕೊಳ್ಳಿ

ಉಚಿತ ಕಾನೂನು ನೆರವು: 15100
ಮಹಿಳಾ ಸಹಾಯವಾಣಿ: 181
ತುರ್ತು ಪೊಲೀಸ್ ಸಹಾಯ: 112
ಸೈಬರ್ ಅಪರಾಧ: 1930
ಮನಸ್ಸಿನ ನೋವಿಗೆ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ: 14416